ಕಥೆ ಎಲ್ಲಿ ಎನ್ನುವವರು, ಕಾಲು ಎಲ್ಲಿ ಎನ್ನುವವರು

ಹಿಂದಿಯ ಕುಣಿತದ ಸಿನಿಮಾ ‘ಎಬಿಸಿಡಿ 2’ ತೆರೆಗೆ ಬಂದು ದಶಕ ಕಳೆದಿದೆ. ಆದರೂ ಕಾರವಾರದ ಡ್ಯಾನ್ಸ್ ಕ್ಲಾಸುಗಳಲ್ಲಿ, ಶಿರಸಿಯ ಕಾಲೇಜು ಹುಡುಗರ ನಡುವೆ ಅದರ ಮಾತು ಬಂದರೆ ತಕರಾರು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೆಲವರಿಗೆ ಅದು ಮೊದಲನೆಯದಕ್ಕಿಂತ ಒಂದು ಕೈ ಮೇಲು. ಉಳಿದವರ ಪ್ರಕಾರ ದುಡ್ಡು ಸುರಿದು ಕೆಡಿಸಿದ ಸರಕು. 2020ರಲ್ಲಿ ಬಂದ ‘ಸ್ಟ್ರೀಟ್ ಡ್ಯಾನ್ಸರ್ ತ್ರೀಡಿ’ಯನ್ನು ಮೂರನೆಯ ಭಾಗವೆಂದು ಲೆಕ್ಕಕ್ಕೆ ಹಿಡಿಯಬೇಕೇ ಎಂಬಲ್ಲಿಯೂ ಒಮ್ಮತವಿಲ್ಲ. ನಿರ್ದೇಶಕ ರೆಮೊ ಡಿಸೋಜಾ ಅವರೇ, ವರುಣ್ ಧವನ್ ಮತ್ತು ಶ್ರದ್ಧಾ ಕಪೂರ್ ಜೋಡಿಯೂ ಅದೇ, ಪ್ರಭುದೇವ ಅಂತೂ ಇದ್ದೇ ಇದ್ದಾರೆ. ಆದರೆ ಹೆಸರು, ಕಥೆ, ನಿರ್ಮಾಣ ಸಂಸ್ಥೆ ಎಲ್ಲವೂ ಬೇರೆ.

ಹಾಗೆ ನೋಡಿದರೆ ಎರಡನೆಯದೂ ಮೊದಲನೆಯದರ ಮುಂದುವರಿಕೆಯಲ್ಲ. ಮೊದಲ ಚಿತ್ರದಲ್ಲಿ ರಿಯಾ ಆಗಿದ್ದ ಲಾರೆನ್ ಗಾಟ್ಲೀಬ್ ಎರಡನೆಯದರಲ್ಲಿ ಆಲಿವ್ ಆದರು. ಪ್ರಭುದೇವ ಎರಡರಲ್ಲಿಯೂ ವಿಷ್ಣು, ಆದರೆ ಅದೇ ವಿಷ್ಣು ಅಲ್ಲ.

ಈ ಜಾತಿಯ ಚಿತ್ರಗಳ ಪೂರ್ವಾಪರ ದೊಡ್ಡದೇನಲ್ಲ. 1977ರ ‘ಸ್ಯಾಟರ್ಡೇ ನೈಟ್ ಫೀವರ್’ಗೆ 1983ರಲ್ಲಿ ಎರಡನೆಯ ಭಾಗ ಬಂತು, ವಿಮರ್ಶಕರು ಬೈದರು, ಜನ ಹೋಗಿ ನೋಡಿದರು. 1984ರಲ್ಲಿ ‘ಬ್ರೇಕಿನ್’ ಮತ್ತು ಅದರ ಎರಡನೆಯ ಭಾಗ ಒಂದೇ ವರ್ಷದಲ್ಲಿ ತೆರೆ ಕಂಡವು. 2006ರಿಂದ 2014ರೊಳಗೆ ‘ಸ್ಟೆಪ್ ಅಪ್’ ಹೆಸರಿನಲ್ಲಿ ಐದು ಚಿತ್ರಗಳು ಬಂದವು. ಎಲ್ಲೆಡೆ ಬಂದ ದೂರು ಒಂದೇ: ಭಾಗ ಹೆಚ್ಚಿದಂತೆ ಕಥೆ ತೆಳ್ಳಗಾಯಿತು, ಕುಣಿತ ದಪ್ಪವಾಯಿತು.

ನಮ್ಮಲ್ಲಿ ಇದಕ್ಕೆ ನೆಲ ಹದ ಮಾಡಿದ್ದು ಟಿವಿ. 2009ರ ಆಸುಪಾಸಿನಿಂದ ಹಿಂದಿಯ ಡ್ಯಾನ್ಸ್ ರಿಯಾಲಿಟಿ ಷೋಗಳು, ಕನ್ನಡದಲ್ಲಿಯೂ ಅಂಥವೇ ಕಾರ್ಯಕ್ರಮಗಳು ಮನೆ ಮನೆಯ ರಾತ್ರಿಯೂಟದ ಹೊತ್ತನ್ನು ಹಿಡಿದುಕೊಂಡವು. ಅಂಥ ಷೋಗಳಿಂದ ಬಂದ ಹುಡುಗರನ್ನೇ ಮುಂದಿಟ್ಟುಕೊಂಡು 2013ರ ಫೆಬ್ರುವರಿಯಲ್ಲಿ ಮೊದಲ ‘ಎಬಿಸಿಡಿ’ ಬಂತು. ಅದರಲ್ಲಿದ್ದ ಸಲ್ಮಾನ್ ಯೂಸುಫ್ ಖಾನ್ ಬೆಂಗಳೂರಿನವರು. ಗುರುವಿನ ಪಾತ್ರದ ಪ್ರಭುದೇವ ಹುಟ್ಟಿದ್ದು ಮೈಸೂರಿನಲ್ಲಿ, ತಂದೆ ಮೂಗೂರು ಸುಂದರ್. ದೊಡ್ಡ ನಾಯಕನಟನಿಲ್ಲದ ಚಿತ್ರ ಅದು. ಕಾರವಾರ, ಅಂಕೋಲಾ, ಕುಮಟಾಗಳಲ್ಲಿ ಶಾಲೆಯ ಸ್ನೇಹ ಸಮ್ಮೇಳನಕ್ಕೆ ಹೆಜ್ಜೆ ಕಲಿಸಿ ಒಂದಿಷ್ಟು ಸಂಪಾದಿಸುತ್ತಿದ್ದ ಹುಡುಗರಿಗೆ ಅದು ತಮ್ಮದೇ ಬದುಕು ಪರದೆಗೆ ಬಂದಂತೆ ಕಂಡಿದ್ದರೆ ಅಚ್ಚರಿಯಿಲ್ಲ.

ಎರಡನೆಯದು ಬಂದದ್ದು 2015ರ ಜೂನ್ 19ರಂದು. ಘಟ್ಟದ ಕೆಳಗೆ ಮಳೆ ಹಿಡಿದ ಕಾಲ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ, ಗೆಜ್ಜೆ ಬಿಚ್ಚಿಟ್ಟು ಊರು ಸೇರಿದ್ದವು. ತ್ರೀಡಿಯಲ್ಲಿಯೇ ನೋಡಬೇಕೆಂಬ ಹಟದವರು ಕಾರವಾರದಿಂದ ರೈಲು ಹತ್ತಿ ಗೋವಾಕ್ಕೆ ಹೋಗಬೇಕಿತ್ತು, ಶಿರಸಿಯವರಿಗೆ ಹುಬ್ಬಳ್ಳಿಯ ದಾರಿ. ರೈಲಿಗೋ ಬಸ್ಸಿಗೋ ದುಡ್ಡು ಕೊಟ್ಟು, ಟಿಕೆಟ್ಟಿಗೆ ಕೊಟ್ಟು, ಕನ್ನಡಕ ಏರಿಸಿ ಕೂತವನ ಅಭಿಪ್ರಾಯ ಮನೆಯ ಟಿವಿಯಲ್ಲಿ ನೋಡಿದವನದಕ್ಕಿಂತ ಖಾರವಾಗಿರುವುದು ಸಹಜ.

ಚಿತ್ರಕ್ಕೆ ಆಧಾರ ನಿಜವಾದ ತಂಡ. ಮುಂಬೈ ಹೊರವಲಯದ ವಸಾಯಿ, ನಾಲಾಸೋಪಾರಾ ಭಾಗದ ಹುಡುಗರು ಸುರೇಶ್ ಮುಕುಂದ್ ಮತ್ತು ವರ್ನನ್ ಮೊಂತೇರೊ ಅವರ ಮುಂದಾಳತ್ವದಲ್ಲಿ 2012ರಲ್ಲಿ ಲಾಸ್ ವೇಗಸ್‌ನ ವಿಶ್ವ ಹಿಪ್‌ಹಾಪ್ ಸ್ಪರ್ಧೆಗೆ ಹೋಗಿ ಬಂದಿದ್ದರು. ಪರದೆಯ ಮೇಲೆ ಆ ತಂಡದ ನಾಯಕನಾಗಿ ನಿಂತದ್ದು ಆಗಲೇ ಹೆಸರು ಮಾಡಿದ್ದ ನಟ. ಧರ್ಮೇಶ್, ಪುನೀತ್, ರಾಘವ್‌ರಂಥ ಪಳಗಿದ ಕುಣಿತಗಾರರು ಎರಡನೆಯ ಸಾಲಿಗೆ ಸರಿದರು. ಗಳಿಕೆ 100 ಕೋಟಿ ರೂಪಾಯಿ ದಾಟಿತು. ಅಷ್ಟು ದೊಡ್ಡ ಖರ್ಚಿನ ಚಿತ್ರಕ್ಕೆ ತಾರೆ ಬೇಕು ಎಂಬ ಲೆಕ್ಕಾಚಾರದಲ್ಲಿ ತಪ್ಪಿಲ್ಲ. ವರುಣ್ ಧವನ್ ಮೈ ಮುರಿದು ಕಲಿತದ್ದೂ ಕಾಣುತ್ತದೆ. ಆದರೆ ಕುಣಿಯುವವರ ಕಣ್ಣು ಬೇರೆ. ಮುಂದೆ ನಿಂತವನು ಹೆಜ್ಜೆ ಹಾಕುತ್ತಿದ್ದಾಗ ಹಿಂದಿನವನು ಅದೇ ಹೆಜ್ಜೆಯನ್ನು ಎಷ್ಟು ಸಲೀಸಾಗಿ ಹಾಕುತ್ತಿದ್ದಾನೆ ಎಂಬುದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಒಂದು ತಮಾಷೆಯನ್ನು ಹೇಳಲೇಬೇಕು. ಎರಡೂ ಚಿತ್ರಗಳ ಕಥೆ ಕುಣಿತದ ಕಳ್ಳತನದ ಸುತ್ತ ಸುತ್ತುತ್ತದೆ. ಮೊದಲನೆಯದರಲ್ಲಿ ಎದುರಾಳಿಗಳು ಇವರ ಕುಣಿತ ಕದಿಯುತ್ತಾರೆ, ಎರಡನೆಯದರಲ್ಲಿ ನಾಯಕನ ತಂಡವೇ ನಕಲು ಮಾಡಿದ್ದಕ್ಕೆ ಹೊರಬೀಳುತ್ತದೆ. ಅಂಥ ಚಿತ್ರಗಳ ಮೇಲೆಯೇ ‘ಸ್ಟೆಪ್ ಅಪ್’ ನೆರಳು ಹುಡುಕಿದವರು ಕಡಿಮೆಯಿಲ್ಲ.

ಇನ್ನು ಕಥೆಯ ಪ್ರಶ್ನೆ. ಮನೆಮಂದಿಯೊಂದಿಗೆ ಹೋದವರು ಹೆಚ್ಚಾಗಿ ಕೇಳುವುದು ಇದನ್ನೇ: ಕುಣಿತ ಸರಿ, ಕಥೆ ಎಲ್ಲಿದೆ? ವಿಚಿತ್ರವೆಂದರೆ, ಇದೇ ಪ್ರೇಕ್ಷಕರು ಯಕ್ಷಗಾನದ ಆಟ ನೋಡಲು ಹೋದಾಗ ಹಾಗೆ ಕೇಳುವುದಿಲ್ಲ. ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಳ್ಳುತ್ತಾನೆಂದು ಹುಟ್ಟಿದಾಗಿನಿಂದ ಗೊತ್ತಿದ್ದವರೇ ರಾತ್ರಿ ನಿದ್ದೆಗೆಟ್ಟು ನೋಡುತ್ತಾರೆ. ಆ ಪ್ರಸಂಗ ತಾನೇ ಒಂದು ನೃತ್ಯ ಸ್ಪರ್ಧೆ: ಮೋಹಿನಿ ಹಾಕಿದ ಹೆಜ್ಜೆಯನ್ನು ಅಸುರ ಹಾಕಬೇಕು. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಲು ಜನ ಮುಗಿಬೀಳುತ್ತಿದ್ದದ್ದು ಮುಂದೇನಾಗುತ್ತದೆಂಬ ಕುತೂಹಲಕ್ಕಲ್ಲ. ಅವರ ಕುಣಿತ ಅತಿಯಾಯಿತು ಎಂದವರೂ ಆಗ ಇದ್ದರು, ಅದಕ್ಕೇ ಮರುಳಾದವರೂ ಇದ್ದರು. 2012ರಲ್ಲಿ ಪದ್ಮಶ್ರೀ ಬಂದ ಮೇಲೂ ಆ ವಾದ ನಿಂತಿರಲಿಕ್ಕಿಲ್ಲ. ಬರೀ ಮಾತೇ ಬೇಕೆನ್ನುವವರಿಗೆ ಮಳೆಗಾಲದ ತಾಳಮದ್ದಳೆ ಇದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕುಳಿತವರ ಅರ್ಥಗಾರಿಕೆಯೇ ಎಲ್ಲ. ತಾಳಮದ್ದಳೆಗೆ ಹೋಗಿ ಕುಣಿತ ಎಲ್ಲಿ ಎಂದವರನ್ನು ಈ ಜಿಲ್ಲೆ ಕಂಡಿಲ್ಲ. ಕುಣಿತಕ್ಕೆಂದೇ ಮಾಡಿದ ಸಿನಿಮಾಕ್ಕೆ ಮಾತ್ರ ಈ ರಿಯಾಯಿತಿ ಸಿಗಲಿಲ್ಲ.

ಆದರೆ ರಿಯಾಯಿತಿ ಪಡೆಯಬೇಕಾದರೆ ಕುಣಿತ ಕಣ್ಣಿಗೆ ಕಾಣಬೇಕು. ಕ್ಲಾಸಿನ ಹುಡುಗರ ದೂರು ಇಲ್ಲಿಯದು, ಚರ್ಚೆಯಲ್ಲಿ ಅಷ್ಟಾಗಿ ಕೇಳಿಸದ್ದೂ ಇದೇ. ಮಾಳಿಗೆಯ ಮೇಲಿನ ಬಾಡಿಗೆ ಕೋಣೆ, ಒಂದು ಗೋಡೆಗೆ ಕನ್ನಡಿ, ನೀರಿನ ಬಾಟಲಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ‘ಬೇಜುಬಾನ್ ಫಿರ್ ಸೇ’ ಹಾಡು. ಕಲಿಯುವವನು ಒಂದರಿಂದ ಎಂಟರವರೆಗೆ ಎಣಿಸುತ್ತ ಹೆಜ್ಜೆ ಹಿಡಿಯುತ್ತಾನೆ. ನಾಲ್ಕಕ್ಕೆ ಬರುವಷ್ಟರಲ್ಲಿ ದೃಶ್ಯ ಜಿಗಿದು ಯಾರದೋ ಮುಖಕ್ಕೆ ಹೋಗಿರುತ್ತದೆ, ಮರಳಿ ಬರುವಾಗ ಏಳು. ಐದು, ಆರು ಸಿಗುವುದೇ ಇಲ್ಲ. ಹಿಂದಕ್ಕೆ ತಳ್ಳಿ ನೋಡಿದರೆ ಸೊಂಟದ ಮೇಲಿನ ಮೈ ಮಾತ್ರ. ಕೊನೆಗೆ ಕಲಿಸುವವರು ತಮ್ಮದೇ ಎರಡು ಹೆಜ್ಜೆ ತುಂಬಿ ಮುಂದೆ ಸಾಗುತ್ತಾರೆ. ಹಾಲಿವುಡ್‌ನ ಫ್ರೆಡ್ ಅಸ್ಟೇರ್ 1930ರ ದಶಕದಲ್ಲಿಯೇ ತನ್ನ ಇಡೀ ಮೈ ಚೌಕಟ್ಟಿನೊಳಗಿರಬೇಕು, ಆದಷ್ಟು ತುಂಡರಿಸದೆ ತೋರಿಸಬೇಕು ಎಂದು ಹಟ ಹಿಡಿದಿದ್ದರು. ರಂಗಸ್ಥಳದ ಮುಂದೆ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಡಿ ಹಾಕುವಾಗ ನೋಟವೆಲ್ಲ ಮೊಣಕಾಲಿನ ಮೇಲೆ, ಆಗ ಯಾರಾದರೂ ಅಡ್ಡ ನಿಂತರೆ ಹಿಂದಿನಿಂದ ಬೈಗುಳ ಗ್ಯಾರಂಟಿ.

ತಾರಾಮೌಲ್ಯ ಹೆಚ್ಚಿದಷ್ಟೂ ಮುಖ ಹೆಚ್ಚು ತೋರಿಸಬೇಕು, ಮುಖ ಹೆಚ್ಚಿದಷ್ಟೂ ಕಾಲು ಕಡಿಮೆ. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಖರ್ಚಿನ ಲೆಕ್ಕ ತಾನಾಗಿಯೇ ಅಲ್ಲಿಗೆ ತಂದು ನಿಲ್ಲಿಸುತ್ತದೆ.

ಈ ನಡುವೆ ನಿಜವಾದ ತಂಡ ತನ್ನ ಎರಡನೆಯ ಭಾಗವನ್ನು ತಾನೇ ಬರೆದುಕೊಂಡಿತು. ಸುರೇಶ್ ಮುಕುಂದ್ ಅವರ ‘ದಿ ಕಿಂಗ್ಸ್’ 2019ರಲ್ಲಿ ಅಮೆರಿಕದ ‘ವರ್ಲ್ಡ್ ಆಫ್ ಡ್ಯಾನ್ಸ್’ ಸ್ಪರ್ಧೆ ಗೆದ್ದು 10 ಲಕ್ಷ ಡಾಲರ್ ಬಹುಮಾನ ಪಡೆಯಿತು. ಕ್ಲಾಸಿನ ಹುಡುಗರು ಕಥೆಯ ಉದಾಹರಣೆಗೆ ಈಗ ಎತ್ತಬೇಕಾದದ್ದು ಇದನ್ನು.

‘ಸ್ಟ್ರೀಟ್ ಡ್ಯಾನ್ಸರ್’ 2020ರ ಜನವರಿ 24ರಂದು ಬಂತು. ಲಂಡನ್, ಭಾರತ–ಪಾಕಿಸ್ತಾನ ತಂಡಗಳ ಪೈಪೋಟಿ, ಅನ್ನವಿಲ್ಲದ ವಲಸಿಗರು ಎಂದು ಈ ಸಲ ಕಥೆ ತುಂಬಲು ಯತ್ನಿಸಿದ್ದರು. ಗಳಿಕೆ ಎರಡನೆಯದರಷ್ಟು ಆಗಲಿಲ್ಲ. ನೆನಪಿನಲ್ಲಿ ಉಳಿದದ್ದು 1994ರ ತಮ್ಮ ‘ಮುಕ್ಕಾಲಾ ಮುಕಾಬಲಾ’ಕ್ಕೆ ಪ್ರಭುದೇವ ಮತ್ತೆ ಕುಣಿದದ್ದು. ಎರಡು ತಿಂಗಳಲ್ಲಿ ಲಾಕ್‌ಡೌನ್ ಬಂತು, ಚಿತ್ರಮಂದಿರಗಳು ಮುಚ್ಚಿದವು, ಕುಣಿತ ಮೊಬೈಲಿಗೆ ಇಳಿಯಿತು. ನಿಲ್ಲಿಸಿ ಹಿಡಿದ ಮೊಬೈಲಿನ ಚೌಕಟ್ಟಿನಲ್ಲಿ ತಲೆಯಿಂದ ಪಾದದವರೆಗೆ ಮೈ ಪೂರ್ತಿ ಹಿಡಿಸುತ್ತದೆ, ಕತ್ತರಿಸುವವರೂ ಇಲ್ಲ. ಸ್ನೇಹ ಸಮ್ಮೇಳನಕ್ಕೆ ಹಾಡು ಈಗಲೂ ಸಿನಿಮಾದ್ದೇ. ಹೆಜ್ಜೆ ಮಾತ್ರ ರೀಲ್ಸ್‌ನಿಂದ ಬರುತ್ತದೆ, ಸಿನಿಮಾದ ಹೆಸರು ಹೇಳಲು ನಿರೂಪಕರೊಬ್ಬರು ಉಳಿದಿದ್ದಾರೆ.