ಕಾರಿನ ಹೆಸರೆತ್ತದ ಹಾಡುಗಳು: ಜಪಾನಿನ ಕಾರು ಜಾಹೀರಾತುಗಳ ಸಂಗೀತ ನಡೆದು ಬಂದ ದಾರಿ

ಜಪಾನಿನ ಟಿ.ವಿ.ಯಲ್ಲಿ ಒಂದು ಜಾಹೀರಾತಿಗೆ ಸಾಮಾನ್ಯವಾಗಿ ಸಿಗುವ ಅವಧಿ 15 ಸೆಕೆಂಡು. ಅಷ್ಟರೊಳಗೆ ಕಾರಿನ ಎಂಜಿನ್ನು, ಮೈಲೇಜು, ಬೆಲೆ ಇವುಗಳನ್ನು ವಿವರಿಸುವುದು ಸಾಧ್ಯವಿಲ್ಲ; ಎದುರಾಳಿ ಕಂಪನಿಯ ಕಾರನ್ನು ಹೆಸರಿಸಿ ತನ್ನದೇ ಮೇಲೆಂದು ಸಾರುವ ರೂಢಿಯೂ ಅಲ್ಲಿ ತೀರಾ ಕಡಿಮೆ. ಹೀಗಾಗಿ ಕಾರನ್ನು ನೋಡುಗರ ಮನಸ್ಸಿನಲ್ಲಿ ಉಳಿಸುವ ಹೊಣೆಯ ದೊಡ್ಡ ಪಾಲು ಹಾಡಿನ ಮೇಲೆ ಬಿತ್ತು. ಆ ಹಾಡುಗಳಲ್ಲಿ ಹೆಚ್ಚಿನವು ಕಾರಿನ ಹೆಸರನ್ನೇ ಎತ್ತುವುದಿಲ್ಲ ಎಂಬುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು.

ಈ ಮೌನಕ್ಕೆ ಹಳೆಯ ಬೇರುಗಳಿವೆ. ಜಪಾನಿನಲ್ಲಿ ಖಾಸಗಿ ರೇಡಿಯೋ ಪ್ರಸಾರ ಆರಂಭವಾದದ್ದು 1951ರ ಸೆಪ್ಟೆಂಬರಿನಲ್ಲಿ, ನಗೋಯಾ ಮತ್ತು ಒಸಾಕಾ ನಗರಗಳಿಂದ. ಆ ದೇಶದ ಮೊದಲ ಜಾಹೀರಾತು ಹಾಡೆಂದು ಹೆಸರಾಗಿರುವುದು ಅದೇ ವರ್ಷ ಮಿಕಿ ತೊರಿರೋ ಅವರು ಕ್ಯಾಮೆರಾ ಫಿಲ್ಮ್ ತಯಾರಿಸುವ ಕೊನಿಶಿರೊಕು ಕಂಪನಿಗಾಗಿ ರಚಿಸಿದ ಹಾಡು. ಹವ್ಯಾಸಿ ಛಾಯಾಗ್ರಾಹಕನೊಬ್ಬನ ಫಜೀತಿಗಳನ್ನು ಹೇಳುವ ಆ ಹಾಡಿನಲ್ಲಿ ಕಂಪನಿಯ ಹೆಸರಾಗಲಿ ಸರಕಿನ ಹೆಸರಾಗಲಿ ಇರಲಿಲ್ಲ. 1953ರಲ್ಲಿ ಖಾಸಗಿ ಟಿ.ವಿ. ಬಂದ ಮೇಲೆ ಈ ಸಂಯಮ ಉಳಿಯಲಿಲ್ಲ. ಔಷಧ, ಮಿಠಾಯಿ, ಬಟ್ಟೆ ಎಲ್ಲದರ ಹೆಸರೂ ರಾಗಕ್ಕೆ ಕೂತಿತು, ಮಕ್ಕಳ ಬಾಯಲ್ಲಿ ನಲಿಯಿತು. ಆದರೆ ಕಾರು ದಿನಬಳಕೆಯ ವಸ್ತುವಲ್ಲ. ಸಂಸಾರವೊಂದು ವರ್ಷಗಟ್ಟಲೆ ಯೋಚಿಸಿ ಕೊಳ್ಳುವಂಥದ್ದು. ಹೆಸರನ್ನು ಹತ್ತು ಸಲ ಕೂಗಿ ಅದನ್ನು ಮಾರುವುದು ಸುಲಭವಿರಲಿಲ್ಲ.

ತಿರುವು ಬಂದದ್ದು 1972ರಲ್ಲಿ, ನಿಸ್ಸಾನ್ ಕಂಪನಿಯ ಸ್ಕೈಲೈನ್ ಕಾರಿನ ನಾಲ್ಕನೆಯ ಪೀಳಿಗೆಯೊಂದಿಗೆ. ಮೂಲತಃ ಪ್ರಿನ್ಸ್ ಕಂಪನಿಯ ಕೂಸಾಗಿದ್ದ ಸ್ಕೈಲೈನ್, 1966ರಲ್ಲಿ ಆ ಕಂಪನಿ ನಿಸ್ಸಾನಿನಲ್ಲಿ ವಿಲೀನವಾದಾಗ ಅದರೊಂದಿಗೇ ಬಂದಿತ್ತು. ಅದರ ಕೀರ್ತಿಯೆಲ್ಲ ರೇಸಿನ ಮೈದಾನದ್ದು. ಜಾಹೀರಾತು ತಯಾರಿಸಿದವರು ಆ ಕೀರ್ತಿಯನ್ನು ಬದಿಗಿಟ್ಟು, ಕೆನ್ ಮತ್ತು ಮೇರಿ ಎಂಬ ತರುಣ ಜೋಡಿಯನ್ನು ಸ್ಕೈಲೈನಿನಲ್ಲಿ ಕೂರಿಸಿ ದೇಶವಿಡೀ ತಿರುಗಾಡಿಸಿದರು. ಹಿನ್ನೆಲೆಯಲ್ಲಿ ಕೇಳಿಸುತ್ತಿದ್ದದ್ದು ಬಝ್ ಎಂಬ ಇಬ್ಬರು ಗಾಯಕರ ತಂಡದ ಮೆಲುದನಿಯ ಹಾಡು. ಶೀರ್ಷಿಕೆಯಲ್ಲಿ ಆ ಜೋಡಿಯ ಹೆಸರಿತ್ತು, ಸಾಹಿತ್ಯದಲ್ಲಿ ಪ್ರೀತಿ, ಗಾಳಿ, ಆಕಾಶಗಳಿದ್ದವು. ಕಾರು ಮಾತ್ರ ಎಲ್ಲಿಯೂ ಇರಲಿಲ್ಲ. ಹಾಡು ಧ್ವನಿಮುದ್ರಿಕೆಯಾಗಿ ಅಂಗಡಿಗೆ ಬಂತು, ಜನ ದುಡ್ಡು ಕೊಟ್ಟು ಕೊಂಡರು. ಒಂದು ಜಾಹೀರಾತನ್ನು ಜನ ಹಣ ತೆತ್ತು ಮನೆಗೆ ಒಯ್ಯುತ್ತಾರೆಂಬುದು ಕಾರು ಕಂಪನಿಗಳಿಗೂ ಸಂಗೀತ ಕಂಪನಿಗಳಿಗೂ ಮರೆಯಲಾಗದ ಪಾಠವಾಯಿತು.

ಇದರ ಫಲವನ್ನು ಅಳೆಯುವಾಗ ಕಾಲವನ್ನೂ ನೋಡಬೇಕು. 1973ರಲ್ಲಿ ತೈಲ ಬಿಕ್ಕಟ್ಟು ಬಂತು, ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾದವು. ಈ ಪೀಳಿಗೆಯ ಅತಿವೇಗದ ಮಾದರಿಯಾದ ಜಿಟಿ-ಆರ್ ಕೇವಲ 197 ಕಾರುಗಳಿಗೆ ನಿಂತುಹೋಯಿತು. ಆದರೂ ಒಟ್ಟಾರೆ ಆರೂವರೆ ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾಗಿ, ಸ್ಕೈಲೈನಿನ ಇತಿಹಾಸದಲ್ಲಿ ಅದೇ ಅತಿ ಹೆಚ್ಚು ಮಾರಾಟವಾದ ಪೀಳಿಗೆಯಾಯಿತು. ವೇಗವೇ ಬಂಡವಾಳವಾಗಿದ್ದ ಕಾರೊಂದು ವೇಗ ಕಳೆದುಕೊಂಡ ವರ್ಷಗಳಲ್ಲಿ ಹೀಗೆ ಮಾರಾಟವಾದದ್ದಕ್ಕೆ ಹಾಡೊಂದೇ ಕಾರಣವೆನ್ನಲಾಗದು. ಆದರೆ ಹಾಡನ್ನು ಬಿಟ್ಟು ಆ ಯಶಸ್ಸನ್ನು ವಿವರಿಸುವುದೂ ಕಷ್ಟ. ಜಾಹೀರಾತಿನಲ್ಲಿ ಕಾಣಿಸಿಕೊಂಡ, ಹೊಕ್ಕೈದೋ ದ್ವೀಪದ ಬಿಯೆಯ್ ಊರಿನ ಪಾಪ್ಲರ್ ಮರವೊಂದು ಇಂದಿಗೂ ಕೆನ್ ಮತ್ತು ಮೇರಿಯ ಹೆಸರಿನಲ್ಲೇ ಪ್ರವಾಸಿಗರನ್ನು ಸೆಳೆಯುತ್ತದೆ.

ಈ ಮಾದರಿಯನ್ನು ವ್ಯವಸ್ಥಿತ ವ್ಯಾಪಾರವಾಗಿ ಬೆಳೆಸಿದವರು ಕಾರಿನವರಲ್ಲ, ಪ್ರಸಾಧನ ಸಾಮಗ್ರಿಯವರು. 1970ರ ದಶಕದ ನಡುವಿನಿಂದ ಶಿಸೇಯ್ದೋ ಮತ್ತು ಕಾನೆಬೋ ಕಂಪನಿಗಳು ಋತುವಿಗೊಂದು ಹಾಡನ್ನು ಪೈಪೋಟಿಯಿಂದ ಹೊರತಂದವು. 1978ರಲ್ಲಿ ಯಾಜಾವಾ ಎಯ್ಕಿಚಿ ಮತ್ತು ಹೊರಿಯುಚಿ ತಕಾವೊ ಅವರು ಶಿಸೇಯ್ದೋಗಾಗಿ ಹಾಡಿದ ಎರಡು ಹಾಡುಗಳೂ ಮಾರಾಟದ ಪಟ್ಟಿಯ ತುದಿಗೇರಿದವು. ಸಂಗೀತದವರು ‘ಟೈಅಪ್’ ಎಂದು ಕರೆಯುವ ಈ ಒಪ್ಪಂದದ ಲೆಕ್ಕ ಸರಳವಾಗಿತ್ತು. ಜಾಹೀರಾತುದಾರನಿಗೆ ಹಾಡು ಸಿಗುತ್ತದೆ, ಗಾಯಕನಿಗೆ ದಿನಕ್ಕೆ ಹತ್ತಾರು ಬಾರಿ ದೇಶದ ಮನೆಮನೆಯಲ್ಲಿ ಕೇಳಿಸಿಕೊಳ್ಳುವ ಅವಕಾಶ ಸಿಗುತ್ತದೆ, ಪರದೆಯ ಮೂಲೆಯಲ್ಲಿ ಅವನ ಹೆಸರೂ ಸಣ್ಣ ಅಕ್ಷರದಲ್ಲಿ ಮೂಡುತ್ತದೆ. ಹಾಡಿನಲ್ಲಿ ಸರಕಿನ ಹೆಸರು ಇರದಿದ್ದುದು ಇಲ್ಲಿ ಲಾಭವೇ ಆಯಿತು. ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ಕಾನೂನಿನಂತೆ ಜಾಹೀರಾತು ಪ್ರಸಾರ ಮಾಡುವಂತಿಲ್ಲ. ಯಾಮಾಗುಚಿ ಮೊಮೊಯೆ ಅವರ 1978ರ ಹಾಡೊಂದರಲ್ಲಿ ಬರುವ ಕೆಂಪು ‘ಪೋರ್ಷೆ’ ಎಂಬ ಮಾತು ಎನ್‌ಎಚ್‌ಕೆ ಕಾರ್ಯಕ್ರಮದಲ್ಲಿ ಕೆಂಪು ‘ಕಾರು’ ಆಗಿ ಬದಲಾಗಬೇಕಾಯಿತು, ಅದು ಜಾಹೀರಾತಿನ ಹಾಡೇ ಅಲ್ಲದಿದ್ದರೂ.

ನಿಯಮವನ್ನು ಮುರಿದು ಗೆದ್ದವರೂ ಉಂಟು. 1981ರಲ್ಲಿ ಹೊಂಡಾ ಕಂಪನಿ ಸಿಟಿ ಎಂಬ ಪುಟ್ಟ ಕಾರನ್ನು ತಂದಾಗ, ಲಂಡನ್ನಿನ ಸ್ಕಾ ಸಂಗೀತದ ತಂಡವಾದ ಮ್ಯಾಡ್‌ನೆಸ್ ಅನ್ನು ಕರೆಸಿತು. ಕಂಪನಿಯ ಹೆಸರನ್ನೇ ಮತ್ತೆ ಮತ್ತೆ ಪಠಿಸುತ್ತ, ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಶತಪದಿಯಂತೆ ಹೆಜ್ಜೆ ಹಾಕುವ ಅವರ ಕುಣಿತ ನಗೆ ಉಕ್ಕಿಸಿತು. ಮೂರು ಮೀಟರು 38 ಸೆಂಟಿಮೀಟರು ಉದ್ದದ, ಆದರೆ ಎತ್ತರವಾಗಿ ನಿಂತ ಆ ಕಾರೂ ನೋಡಲು ತಮಾಷೆಯಾಗಿತ್ತು. ಡಿಕ್ಕಿಯಲ್ಲಿ ಮಡಚಿಡಬಹುದಾದ ಸ್ಕೂಟರನ್ನೂ ಅದರ ಜೊತೆಗೆ ಮಾರುತ್ತಿದ್ದರು. ಗಾಂಭೀರ್ಯದ ಸೋಗಿಲ್ಲದ ಕಾರಿಗೆ ಸೋಗಿಲ್ಲದ ಹಾಡು ಹೊಂದಿತು. ಜಾಹೀರಾತಿಗೆಂದು ಹುಟ್ಟಿದ ಆ ರಾಗವನ್ನು ತಂಡ ಪೂರ್ಣ ಹಾಡಾಗಿ ಬೆಳೆಸಿ, 1982ರಲ್ಲಿ ಬ್ರಿಟನ್ನಿನಲ್ಲಿಯೂ ತನ್ನ ಧ್ವನಿಮುದ್ರಿಕೆಯೊಂದರ ಎರಡನೆಯ ಮಗ್ಗುಲಲ್ಲಿ ಹೊರತಂದಿತು. ಅದೇ ಹೊಂಡಾ 1983ರ ಸಿವಿಕ್ ಕಾರಿಗೆ ಲೂಯಿ ಆರ್ಮ್‌ಸ್ಟ್ರಾಂಗ್ ಅವರು 1967ರಲ್ಲಿ ಹಾಡಿದ್ದ ಹಳೆಯ ಗೀತೆಯನ್ನು ಬಳಸಿತು. ಅಮೆರಿಕದಲ್ಲಿ ಆ ಗೀತೆ ಚಲನಚಿತ್ರವೊಂದರ ಮೂಲಕ ಮತ್ತೆ ಜನಪ್ರಿಯವಾದದ್ದು ಇದಾದ ನಾಲ್ಕು ವರ್ಷಗಳ ಮೇಲೆ.

ಧ್ವನಿಗೆ ಎಷ್ಟು ಬೆಲೆಯಿದೆ ಎಂಬುದು ಗೊತ್ತಾದದ್ದು ಅದು ಇಲ್ಲವಾದಾಗ. 1988ರ ಸೆಪ್ಟೆಂಬರಿನಲ್ಲಿ ನಿಸ್ಸಾನ್ ಸೆಫಿರೋ ಮಾರುಕಟ್ಟೆಗೆ ಬಂತು. ಅದರ ಜಾಹೀರಾತಿನಲ್ಲಿ ಗಾಯಕ ಇನೊಯುಯೆ ಯೋಸುಯ್ ಕಾರಿನ ಕಿಟಕಿಯಿಂದ ನೋಡುಗರತ್ತ ತಿರುಗಿ, ‘ಎಲ್ಲರೂ ಕ್ಷೇಮವೇ?’ ಎಂದು ಕೇಳುತ್ತಿದ್ದರು. ಅದೇ ತಿಂಗಳು ಚಕ್ರವರ್ತಿ ಹಿರೊಹಿತೊ ತೀವ್ರ ಅಸ್ವಸ್ಥರಾದರು. ದೇಶದಲ್ಲಿ ಉತ್ಸವಗಳು ರದ್ದಾದವು, ಸಂಭ್ರಮದ ಮಾತುಗಳೆಲ್ಲ ಅನುಚಿತವೆನಿಸಿದವು. ಸರ್ಕಾರದ ಆಜ್ಞೆಯಿಲ್ಲದೆಯೇ ಇನೊಯುಯೆ ಅವರ ದನಿಯನ್ನು ಅಳಿಸಿ, ತುಟಿ ಮಾತ್ರ ಆಡುವ ಚಿತ್ರವನ್ನು ಪ್ರಸಾರ ಮಾಡಲಾಯಿತು. ಟೊಯೊಟಾ ಕರೀನಾ ಜಾಹೀರಾತಿನ ‘ಬದುಕುವ ಆನಂದ’ ಎಂಬ ಘೋಷವಾಕ್ಯವನ್ನೂ ಕೈಬಿಡಲಾಯಿತು. ಕುಶಲ ಪ್ರಶ್ನೆಯೊಂದು ಅಪಚಾರವಾಗಬಹುದೆಂಬ ಅಂಜಿಕೆ ಹಾಸ್ಯಾಸ್ಪದವೆನಿಸಬಹುದು. ಆದರೆ ಕಾರಿನ ಜಾಹೀರಾತು ಅಲ್ಲಿ ಎಷ್ಟರಮಟ್ಟಿಗೆ ಸಾರ್ವಜನಿಕ ಮಾತಾಗಿ ಬೆಳೆದಿತ್ತೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಜಪಾನಿನ ಒಳನಾಡಿನ ಕಾರು ಮಾರಾಟ 1990ರಲ್ಲಿ 77 ಲಕ್ಷ ದಾಟಿ ಶಿಖರ ಮುಟ್ಟಿತು. ಸಂಗೀತ ಮುದ್ರಿಕೆಗಳ ಉತ್ಪಾದನೆ 1998ರಲ್ಲಿ 600 ಬಿಲಿಯನ್ ಯೆನ್ ಮೀರಿ ತನ್ನ ಶಿಖರ ಕಂಡಿತು. ಈ ಎಂಟು ವರ್ಷಗಳ ಅಂತರದಲ್ಲಿ ಒಪ್ಪಂದದ ತೂಕ ನಿಧಾನವಾಗಿ ಹಾಡಿನ ಕಡೆಗೆ ವಾಲಿತೆಂದು ನನಗನಿಸುತ್ತದೆ. ಟೈಅಪ್ ಇಲ್ಲದೆ ಹಾಡನ್ನು ಗೆಲ್ಲಿಸುವುದು ಕಷ್ಟವೆಂಬ ನಂಬಿಕೆ ಸಂಗೀತ ಕಂಪನಿಗಳಲ್ಲಿ ಬಲಿತು, 15 ಸೆಕೆಂಡಿನಲ್ಲಿ ಕೇಳಿಸುವ ಪಲ್ಲವಿಯನ್ನು ಮೊದಲು ಕಟ್ಟಿ ಚರಣಗಳನ್ನು ಆಮೇಲೆ ಜೋಡಿಸುವ ಪರಿಪಾಠ ಬೆಳೆಯಿತು. ಇದರಿಂದ ಒಂದೇ ಅಚ್ಚಿನ ಹಾಡುಗಳು ರಾಶಿಯಾದದ್ದು ನಿಜ.

ಆ ರಾಶಿಯ ನಡುವೆ ಎದ್ದು ನಿಂತದ್ದು 1995ರ ಆರಂಭದಲ್ಲಿ ಒಜಾವಾ ಕೆಂಜಿ ಹಾಡಿದ, ಟೊಯೊಟಾ ಕೊರೊಲ್ಲಾ-2 ಕಾರಿನ ಹಾಡು. ಇಲ್ಲಿ ಕಾರಿನ ಹೆಸರು ಶೀರ್ಷಿಕೆಯಲ್ಲಿಯೇ ರಾಜಾರೋಷವಾಗಿತ್ತು. ಸಾಹಿತ್ಯ ರಚನೆಯಲ್ಲಿ, ಮುಂದೆ 1999ರಲ್ಲಿ ಮಕ್ಕಳ ಹಾಡೊಂದರಿಂದ ದೇಶವನ್ನೇ ಕುಣಿಸಿದ ಸಾತೋ ಮಸಾಹಿಕೊ ಅವರ ಕೈಯಿತ್ತು. ಕಾರು ಹತ್ತಿ ಪೇಟೆಗೆ ಹೊರಟವನು ಹಣದ ಚೀಲ ಮರೆತದ್ದನ್ನು ಅರಿತು, ಸರಿ ಹಾಗೆಯೇ ಒಂದು ಸುತ್ತು ಹೋಗಿಬರೋಣ ಎನ್ನುತ್ತಾನೆ. ಹಾಡಿನ ವಸ್ತು ಇಷ್ಟೇ. ಆರ್ಥಿಕ ಗುಳ್ಳೆ ಒಡೆದ ಮೇಲಿನ ಆ ಕಾಲದಲ್ಲಿ, ಖಾಲಿ ಕಿಸೆಯ ನಾಯಕನನ್ನು ಕಾರು ಮಾರಲು ಬಳಸಿದ್ದು ಜಾಣತನವೆಂದೇ ಹೇಳಬೇಕು.

ಮುದ್ರಿಕೆಗಳ ಮಾರುಕಟ್ಟೆ ಕುಸಿದ ಮೇಲೂ ಈ ನಂಟು ಕಡಿಯಲಿಲ್ಲ. 2016ರಲ್ಲಿ ಹೊಂಡಾ ವೆಜೆಲ್ ಜಾಹೀರಾತು ಕಾನಾಗಾವಾ ಪ್ರಾಂತದ ಸಚ್‌ಮೋಸ್ ತಂಡದ ಹಾಡನ್ನು ಬಳಸಿದಾಗ, ಅದನ್ನು ಹಾಡಿದವರು ಯಾರೆಂದು ಕೇಳುಗರು ಫೋನಿನಲ್ಲಿ ಹುಡುಕಿ, ಹೆಚ್ಚು ಹೆಸರಿರದ ತಂಡವನ್ನು ತಾರಾಪಟ್ಟಕ್ಕೆ ಏರಿಸಿದರು. ಅದು ಆಗಲೇ ಇದ್ದ ಹಾಡು. 2021ರಲ್ಲಿ ಅದೇ ಕಾರಿನ ಹೊಸ ಪೀಳಿಗೆ ಬಂದಾಗ ಹೊಂಡಾ ತಯಾರಾದ ಹಾಡನ್ನು ಆರಿಸದೆ, ತರುಣ ಗಾಯಕ ಫುಜಿಯಿ ಕಾಜೆ ಅವರಿಂದ ಹೊಸದನ್ನೇ ಬರೆಸಿತು. ವೆಜೆಲ್ ಎಂಬ ಹೆಸರು ಅದರಲ್ಲಿಯೂ ಎಲ್ಲಿಯೂ ಬರುವುದಿಲ್ಲ.