ಯೂಮಾ ಒರಾಕಲ್‌ನಲ್ಲಿ ವೋಟು ಹಾಕುವ ಮುನ್ನ

ಸ್ಮಾರ್ಟ್ ಕಾಂಟ್ರ್ಯಾಕ್ಟಿಗೆ, ಅಂದರೆ ಬ್ಲಾಕ್‌ಚೈನ್ ಮೇಲೆ ತಾನಾಗಿಯೇ ನಡೆಯುವ ಒಪ್ಪಂದದ ಕೋಡಿಗೆ, ಹೊರಗಿನ ಲೋಕ ಕಾಣುವುದಿಲ್ಲ. ಚುನಾವಣೆಯಲ್ಲಿ ಗೆದ್ದವರು ಯಾರು, ಒಪ್ಪಂದಕ್ಕೆ ಸಹಿ ಬಿತ್ತೋ ಇಲ್ಲವೋ, ಯಾರಾದರೂ ತಂದು ಹೇಳಬೇಕು. ಆ ಕೆಲಸ ಒರಾಕಲ್‌ನದು. ಬೆಲೆ ತರುವ ಒರಾಕಲ್‌ಗಳಲ್ಲಿ ಯಂತ್ರಗಳೇ ಬಹುಪಾಲು ಕೆಲಸ ಮುಗಿಸುತ್ತವೆ. ಯೂಮಾದ ದಾರಿ ಬೇರೆ. ಅಲ್ಲಿ ತಕರಾರು ಎದ್ದರೆ ಯೂಮಾ ಟೋಕನ್ ಸ್ಟೇಕ್ ಮಾಡಿದವರು, ಅಂದರೆ ಒತ್ತೆಯಿಟ್ಟವರು, ವೋಟು ಹಾಕಿ ತೀರ್ಮಾನಿಸುತ್ತಾರೆ.

ಹೆಚ್ಚಿನ ಉತ್ತರಗಳು ವೋಟಿನ ತನಕ ಬರುವುದೇ ಇಲ್ಲ. ಮುಂದೇನಾಗುತ್ತದೆ ಎಂದು ಜನ ಹಣ ಕಟ್ಟುವ ಪಾಲಿಮಾರ್ಕೆಟ್ ತಾಣದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಉತ್ತರ ಸೂಚಿಸುವವರು ಸಾಮಾನ್ಯವಾಗಿ 750 ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಬಾಂಡ್, ಅಂದರೆ ಠೇವಣಿ, ಇಡುತ್ತಾರೆ. ಎರಡು ಗಂಟೆಯೊಳಗೆ ಯಾರೂ ತಕರಾರು ಎತ್ತದಿದ್ದರೆ ಅದೇ ಅಂತಿಮ. ತಕರಾರು ಎತ್ತುವವರೂ ಅಷ್ಟೇ ಬಾಂಡ್ ಕಟ್ಟಬೇಕು. ಮೊದಲ ತಕರಾರಿಗೆ ಪ್ರಶ್ನೆ ಹೊಸದಾಗಿ ತೆರೆದುಕೊಳ್ಳುತ್ತದೆ, ಎರಡನೆಯದು ಬಂದರೆ ವೋಟಿನ ತೀರ್ಪಿಗೆ ಕಾಯಲೇಬೇಕು. ಸೋತವರ ಬಾಂಡಿನಲ್ಲಿ ಅರ್ಧ ಗೆದ್ದವರಿಗೆ, ಉಳಿದರ್ಧ ಯೂಮಾಗೆ.

ವೋಟಿನ ಒಂದು ಸುತ್ತು 48 ಗಂಟೆ. ಮೊದಲ 24 ಗಂಟೆ ಕಮಿಟ್: ನಿಮ್ಮ ಉತ್ತರಕ್ಕೆ ಒಂದು ಗುಟ್ಟಿನ ಸಂಖ್ಯೆ ಬೆರೆಸಿ ಮಾಡಿದ ಹ್ಯಾಶ್ (ಮೂಲ ಉತ್ತರ ತಿಳಿಯದಂಥ ಸಂಕೇತ) ಮಾತ್ರ ಬ್ಲಾಕ್‌ಚೈನ್‌ಗೆ ಹೋಗುತ್ತದೆ. ಮುಂದಿನ 24 ಗಂಟೆ ರಿವೀಲ್: ಉತ್ತರವನ್ನೂ ಸಂಖ್ಯೆಯನ್ನೂ ಬಿಚ್ಚಿ ತೋರಿಸಬೇಕು. ಹಂತ ಬದಲಾಗುವುದು ಯುಟಿಸಿ ಮಧ್ಯರಾತ್ರಿಗೆ, ಅಂದರೆ ನಮ್ಮಲ್ಲಿ ಬೆಳಗಿನ 5:30ಕ್ಕೆ. ಕಮಿಟ್ ಮಾಡಿ ರಿವೀಲ್ ಮರೆತರೆ ವೋಟು ಹಾಕದ ಲೆಕ್ಕ. ಸ್ವಂತ ಸ್ಕ್ರಿಪ್ಟ್ ಬರೆದುಕೊಂಡವರು ಆ ಗುಟ್ಟಿನ ಸಂಖ್ಯೆ ಕಳೆದುಕೊಂಡರೂ ಅದೇ ಗತಿ. 2023ರಲ್ಲಿ ಈ ವೋಟಿನ ವ್ಯವಸ್ಥೆಯ ಎರಡನೇ ಆವೃತ್ತಿ ಶುರುವಾದಾಗ ತಪ್ಪು ವೋಟಿಗೂ ತಪ್ಪಿಸಿದ ವೋಟಿಗೂ ಸ್ಟೇಕಿನ 0.1% ಕಡಿತವಿತ್ತು. ಚಿಲ್ಲರೆ ಎನಿಸಬಹುದು, ಆದರೆ ನೂರು ವೋಟು ಹೀಗೆ ಹೋದರೆ ಸ್ಟೇಕಿನ ಸುಮಾರು ಹತ್ತರಲ್ಲೊಂದು ಪಾಲು ಸರಿಯಾಗಿ ವೋಟು ಹಾಕಿದವರ ಕೈ ಸೇರಿರುತ್ತದೆ. ದೊಡ್ಡ ಮೊತ್ತ ಇಟ್ಟವರು ಟೋಕನ್ನನ್ನು ಇಂಟರ್ನೆಟ್‌ನಿಂದ ದೂರವಿಟ್ಟ ಕೋಲ್ಡ್ ವಾಲೆಟ್‌ನಲ್ಲೇ ಬಿಟ್ಟು, ವೋಟಿಗೆ ಮಾತ್ರ ಬೇರೆ ವಾಲೆಟ್ಟನ್ನು ಪ್ರತಿನಿಧಿಯಾಗಿ ಡೆಲಿಗೇಟ್ ಮಾಡುವುದು ಕ್ಷೇಮ. ಎರಡೂ ವಾಲೆಟ್‌ಗಳು ಒಪ್ಪಿಗೆ ಕೊಟ್ಟ ಮೇಲೆಯೇ ಅದು ಜಾರಿಗೆ ಬರುತ್ತದೆ, ಒಂದೇ ಕಡೆ ಸಹಿ ಮಾಡಿ ಸುಮ್ಮನಾಗಬೇಡಿ.

ಇಷ್ಟೆಲ್ಲ ಯಾಂತ್ರಿಕ. ಹೊಸಬರು ಎಡವುವುದು ಪ್ರಶ್ನೆ ಓದುವಲ್ಲಿ. ಉತ್ತರಗಳಿಗೆ ಪಿ1, ಪಿ2, ಪಿ3, ಪಿ4 ಎಂಬ ಗುರುತುಗಳಿವೆ. ಸಾಮಾನ್ಯವಾಗಿ ಇಲ್ಲ, ಹೌದು, ಐವತ್ತು-ಐವತ್ತು, ‘ಇನ್ನೂ ಸಮಯವಾಗಿಲ್ಲ’ ಎಂದು. ತಿಂಗಳ ಕೊನೆಯ ಗಡುವಿರುವ ಪ್ರಶ್ನೆಗೆ ಹದಿನೈದನೇ ತಾರೀಕೇ ಯಾರೋ ‘ಹೌದು’ ಎಂದು ಸೂಚಿಸಿದರು, ಘಟನೆ ನಡೆದಿಲ್ಲ ಎನ್ನೋಣ. ಆಗ ಸರಿಯುತ್ತರ ‘ಇಲ್ಲ’ ಅಲ್ಲ, ಪಿ4. ನಡೆದಿಲ್ಲವಲ್ಲ ಎಂದು ಪಿ1 ಒತ್ತಿದವರು ಸ್ಟೇಕಿನ ಒಂದಿಷ್ಟು ಕಳೆದುಕೊಳ್ಳುತ್ತಾರೆ.

ಪ್ರಶ್ನೆಯ ಪಠ್ಯವೇ ಸಡಿಲವಾಗಿದ್ದರೆ ಓದಿಯೂ ಫಲವಿಲ್ಲ. 2025ರ ಜೂನ್‌ನಲ್ಲಿ ಝೆಲೆನ್‌ಸ್ಕಿ ಹೇಗ್‌ನ ನೇಟೊ ಸಭೆಗೆ ಕಪ್ಪು ಜಾಕೆಟ್ ತೊಟ್ಟು ಬಂದರು. ಅವರು ಸೂಟ್ ತೊಡುತ್ತಾರೆಯೇ ಎಂಬ ಪ್ರಶ್ನೆ ಪಾಲಿಮಾರ್ಕೆಟ್‌ನಲ್ಲಿತ್ತು. ಅದು ಸೂಟೇ, ಅಲ್ಲವೇ? ಹಲವು ಮಾಧ್ಯಮಗಳು ಸೂಟ್ ಎಂದೇ ಬರೆದವು, ತಕರಾರಾಗಿ ಕೊನೆಗೆ ‘ಇಲ್ಲ’ ಎಂದು ಇತ್ಯರ್ಥವಾಯಿತು. ಸೂಟ್ ಎಂದರೇನು ಎಂದು ಮೊದಲೇ ಒಂದು ಸಾಲು ಬರೆದಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಇನ್ನರ್ಧಕ್ಕೆ ಪಠ್ಯ ಮದ್ದಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕ-ಉಕ್ರೇನ್ ಖನಿಜ ಒಪ್ಪಂದದ ಪ್ರಶ್ನೆ, ಸಹಿ ಬೀಳುವ ಮೊದಲೇ, ‘ಹೌದು’ ಎಂದು ಮುಗಿಯಿತು. ಸಹಿ ಬಿದ್ದದ್ದು ಏಪ್ರಿಲ್ 30ಕ್ಕೆ. ಒಬ್ಬರೇ ಮೂರು ಖಾತೆಗಳಿಂದ ಸುಮಾರು 50 ಲಕ್ಷ ಟೋಕನ್ ಬಳಸಿ ಕಾಲು ಭಾಗದಷ್ಟು ವೋಟು ಹಾಕಿದರು ಎಂದು ಆಗ ವರದಿಯಾಗಿತ್ತು. ಕಮಿಟ್-ರಿವೀಲ್ ತಡೆಯುವುದು ಇನ್ನೊಬ್ಬರ ವೋಟು ನೋಡಿ ನಕಲು ಹೊಡೆಯುವುದನ್ನು ಮಾತ್ರ, ದೊಡ್ಡ ಥೈಲಿಯನ್ನಲ್ಲ. ಅಲ್ಪಸಂಖ್ಯಾತರಾದರೆ ಕಡಿತ ಖಚಿತ ಎಂದಿರುವಾಗ, ಸಣ್ಣ ಹಿಡುವಳಿದಾರರು ‘ಏನು ನಡೆಯಿತು’ ಎನ್ನುವುದಕ್ಕಿಂತ ‘ದೊಡ್ಡವರು ಯಾವ ಕಡೆ ವಾಲುತ್ತಾರೆ’ ಎಂದು ಲೆಕ್ಕ ಹಾಕತೊಡಗುತ್ತಾರೆ. ಈ ವ್ಯವಸ್ಥೆಯ ಅಸಲಿ ದೌರ್ಬಲ್ಯ ಇದೇ ಎಂಬುದು ನಮ್ಮ ಅಭಿಪ್ರಾಯ.

2025ರ ಆಗಸ್ಟ್‌ನಲ್ಲಿ ಅಂಗೀಕಾರವಾದ 189ನೇ ಸುಧಾರಣಾ ಪ್ರಸ್ತಾವ ಪಾಲಿಮಾರ್ಕೆಟ್ ಪ್ರಶ್ನೆಗಳಿಗೆ ಉತ್ತರ ಸೂಚಿಸುವ ಹಕ್ಕನ್ನು ಪಟ್ಟಿಯಲ್ಲಿರುವ 37 ವಿಳಾಸಗಳಿಗೆ ಸೀಮಿತಗೊಳಿಸಿತು. ಅವಸರದ ಸೂಚನೆಗಳಿಗೆ ಇದು ಒಳ್ಳೆಯ ಕಡಿವಾಣ. ತಕರಾರು ಈಗಲೂ ಯಾರು ಬೇಕಾದರೂ ಎತ್ತಬಹುದು. ಟೋಕನ್ ತೂಕದ ವೋಟಿಗೆ ಮಾತ್ರ ಆ ಪ್ರಸ್ತಾವ ಕೈ ಹಾಕಲಿಲ್ಲ.