ಕೊಳಗದ ಗಿರಣಿ

ನಮ್ಮಲ್ಲಿ ಸೇರು, ಕೊಳಗಗಳಿದ್ದಂತೆ ಅಮೆರಿಕದ ಅಂಗಡಿಗಳಲ್ಲೂ ಒಂದು ಕಾಲಕ್ಕೆ ಧಾನ್ಯ ಅಳೆಯಲು ಮರದ ದುಂಡು ಪಾತ್ರೆಗಳಿದ್ದವು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿಲ್ಟನ್ ಊರಿನಲ್ಲಿ ಅವನ್ನು ನೀರಿನ ಬಲದಿಂದ ತಯಾರಿಸುತ್ತಿದ್ದ, 1858ರಿಂದ ನಡೆದುಬಂದ ಫ್ರೈಸ್ ಮೆಷರ್ ಮಿಲ್ ಎಂಬ ಗಿರಣಿಯನ್ನು 1961ರಲ್ಲಿ ಒಂದು ಕುಟುಂಬ ಕೊಂಡು ಉಳಿಸಿಕೊಂಡಿತು. ಅಳತೆ ಪಾತ್ರೆಗೆ ಗಿರಾಕಿಗಳು ಇಲ್ಲವಾದ ಕಾಲಕ್ಕೆ, ಶೇಕರ್ ಎಂಬ ಕ್ರೈಸ್ತ ಪಂಥದವರ ಮಾದರಿಯ ಅಂಡಾಕಾರದ ಮರದ ಪೆಟ್ಟಿಗೆಗಳು ಅದರ ಕೈ ಹಿಡಿದವು.

ಇಂಥ ಗಿರಣಿಗಳ ಶಕ್ತಿಯ ಲೆಕ್ಕ ಸರಳ. ಸೆಕೆಂಡಿಗೆ 100 ಲೀಟರ್ ನೀರು 3 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 2.9 ಕಿಲೋವ್ಯಾಟ್ ಶಕ್ತಿ ದೊರೆಯುತ್ತದೆ. ಟರ್ಬೈನ್, ಬೇರಿಂಗ್, ಬೆಲ್ಟುಗಳು ತಮ್ಮ ಪಾಲು ಕಳೆದ ಮೇಲೆ ಉಳಿದದ್ದು ಗರಗಸಕ್ಕೆ. ಟರ್ಬೈನಿನ ತಿರುಗುವಿಕೆಯನ್ನು ಯಂತ್ರಗಳಿಗೆ ಒಯ್ಯುವ, ಚಾವಣಿಯಡಿಯ ಉದ್ದನೆಯ ದಂಡ ಕೂದಲೆಳೆಯಷ್ಟು ಓರೆಯಾದರೂ ಬೇರಿಂಗ್ ಬಿಸಿಯಾಗಿ, ಹೀಗೆ ಕಳೆದುಹೋಗುವ ಪಾಲು ಹೆಚ್ಚುತ್ತದೆ.

ಹಳೆಯ ಗಿರಣಿಯನ್ನು ದುರಸ್ತಿ ಮಾಡುವವರಿಗೆ ಯಂತ್ರಗಳಿಗಿಂತ ದೊಡ್ಡ ತಲೆನೋವು ಮರದ ಒಡ್ಡು ಮತ್ತು ತೊಟ್ಟಿಗಳದು. ಬೇಲಿಯ ಗೂಟ ನೆಲಮಟ್ಟದಲ್ಲೇ ಮೊದಲು ಲಡ್ಡಾಗುವುದನ್ನು ಎಲ್ಲರೂ ನೋಡಿದ್ದೇವೆ. ಮರ ತಿನ್ನುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಸದಾ ಮುಳುಗಿದ ತೊಲೆಯಲ್ಲಿ ಗಾಳಿಯಿಲ್ಲ, ಒಣಗಿದ ತೊಲೆಯಲ್ಲಿ ತೇವವಿಲ್ಲ. ನೀರು ಏರಿಳಿಯುವ ಗೆರೆಯಲ್ಲಿ ಎರಡೂ ಇರುತ್ತವೆ. ಹೀಗಾಗಿ ಗಿರಣಿಯನ್ನು ಕೆಲವು ವರ್ಷ ನಿಲ್ಲಿಸಿ ನೀರು ಬಸಿದುಹೋಗಲು ಬಿಟ್ಟರೆ, ಶತಮಾನದುದ್ದಕ್ಕೂ ಮುಳುಗಿದ್ದು ಗಟ್ಟಿಯಾಗಿದ್ದ ಮರವೂ ಕೊಳೆಯತೊಡಗುತ್ತದೆ. ದುಡಿಮೆಯೇ ಇಲ್ಲಿ ಸಂರಕ್ಷಣೆ ಎಂದು ನನಗನ್ನಿಸುವುದು ಇದಕ್ಕೇ.

ಒಡ್ಡನ್ನು ಕೊಳೆಸುವ ಅದೇ ನೀರು ಒಳಗೆ ಬಡಗಿಗೆ ನೆರವಾಗುತ್ತದೆ. ತೆಳ್ಳನೆಯ ಹಲಗೆಪಟ್ಟಿಯನ್ನು ಬಿಸಿನೀರು ಅಥವಾ ಹಬೆಯಲ್ಲಿಟ್ಟರೆ, ನಾರುಗಳನ್ನು ಬೆಸೆದಿರುವ ಲಿಗ್ನಿನ್ ಮೆತ್ತಗಾಗುತ್ತದೆ. ಆಗ ಅದನ್ನು ಅಚ್ಚಿನ ಸುತ್ತ ಬೇಗನೆ ಬಾಗಿಸಬೇಕು, ಏಕೆಂದರೆ ಆರಿದ ಲಿಗ್ನಿನ್ ಮತ್ತೆ ಬಿಗಿಯುತ್ತದೆ. ಪಟ್ಟಿಯ ತುದಿಗಳು ಒಂದರ ಮೇಲೊಂದು ಬರುವಲ್ಲಿ ಹೊರತುದಿಯನ್ನು ಬೆರಳುಗಳಂತೆ ಸೀಳಿ ಚೂಪಾಗಿಸಿ, ಪುಟ್ಟ ತಾಮ್ರದ ಮೊಳೆಗಳಿಂದ ಬಿಗಿಯುತ್ತಾರೆ; ಕಬ್ಬಿಣದ ಮೊಳೆಯಾದರೆ ತುಕ್ಕು ಹಿಡಿದು ಮರಕ್ಕೆ ಕಲೆಯಾದೀತು. ಮರ ನಾರಿನ ಉದ್ದಕ್ಕೆ ಅತ್ಯಲ್ಪವಾಗಿ, ಅಡ್ಡಕ್ಕೆ ಧಾರಾಳವಾಗಿ ಹಿಗ್ಗಿ ಕುಗ್ಗುವುದರಿಂದ, ಬೆರಳುಗಳ ನಡುವಿನ ಆ ಸಂದುಗಳು ಮಳೆಗಾಲದಲ್ಲಿ ತುಸು ಕಿರಿದಾಗಿ ಚಳಿಗಾಲದಲ್ಲಿ ಅಗಲವಾಗುತ್ತವೆ, ಪೆಟ್ಟಿಗೆ ಮಾತ್ರ ಸೀಳುವುದಿಲ್ಲ.